ಮುಸುರಿ ಪೆಟ್ಟಿಗೆಯ ಎಡೆ

ಹುಬ್ಬಳ್ಳಿಯ ಹಳೇ ಗಿರಣಿ ಓಣಿಯಲ್ಲಿ ಒಂದೇ ತಿಂಗಳಲ್ಲಿ ಅರವತ್ತೊಂದು ಮುಸುರಿ ಪೆಟ್ಟಿಗೆಗಳು ಸತ್ತವು. ವಾಯರು ಕಡಿದಿರಲಿಲ್ಲ, ಮೋಟಾರು ಸುಟ್ಟಿರಲಿಲ್ಲ. ನಿನ್ನೆ ಗುಳುಗುಳು ಎನ್ನುತ್ತ ತಾಟು ತೊಳೆದದ್ದು ಇವತ್ತು ಗಪ್‌ಚಿಪ್. ಓಣಿಯ ರಿಪೇರಿ ಪೂರ್ತಿ ಶಿವಲೀಲಾ ಅಂಬಿಗೇರಳ ಪಾಲಿನದು. ಹೀಗಾಗಿ ಬೈಗುಳವೂ ಪೂರ್ತಿ ಅವಳ ಪಾಲಿಗೇ ಬಂತು.

ಆ ಪೆಟ್ಟಿಗೆಗೆ ನೀರು ಮಂಡಳಿಯ ಕಾಗದದಲ್ಲಿ ಮೊಳದುದ್ದದ ಹೆಸರೊಂದಿತ್ತು. ಓಣಿಯಲ್ಲಿ ಯಾರಿಗೂ ಅದಕ್ಕೆ ನಾಲಿಗೆ ಹೊರಳಲಿಲ್ಲ. ಮುಸುರಿ ತಿಕ್ಕುವ ಪೆಟ್ಟಿಗೆಯಾದ್ದರಿಂದ ಮುಸುರಿ ಪೆಟ್ಟಿಗೆ ಎಂದರು, ಅದೇ ನಿಂತಿತು. ಒಬ್ಬ ಮನುಷ್ಯನಿಗೆ ದಿನಕ್ಕೆ ಇಪ್ಪತ್ತು ಲೀಟರ್ ನೀರು, ಅದರ ಮೇಲೆ ಒಂದು ಹನಿಯೂ ಇಲ್ಲ ಎಂಬ ಕಾನೂನು ಬಂದ ವರ್ಷ ಎಲ್ಲರಿಗೂ ಮೊದಲು ತಲೆನೋವಾದದ್ದು ಭಾಂಡೆ, ಉಂಡ ಪಾತ್ರೆಪಗಡೆ. ಕುಡಿಯುವುದೋ, ಮೈ ತೊಳೆಯುವುದೋ, ಭಾಂಡೆ ತೊಳೆಯುವುದೋ? ಆಗ ಧಾರವಾಡದ ಪ್ರಯೋಗಶಾಲೆಯಲ್ಲಿ ಯಾರಿಗೋ ಹೊಳೆಯಿತು: ನೀರಿನ ಕೊಳೆಯನ್ನು ತಿಂದು ಬದುಕುವ ಜೀವವೊಂದನ್ನು ಪೆಟ್ಟಿಗೆಯೊಳಗೇ ಸಾಕಿದರೆ ಹೇಗೆ?

ಹಾಗೇ ಮಾಡಿದರು. ಪೆಟ್ಟಿಗೆಯ ತಳದಲ್ಲಿ ನಾಲ್ಕು ಲೀಟರ್ ನೀರು, ಆ ನೀರಿನಲ್ಲಿ ಪಿಂಗಾಣಿಯ ಹತ್ತು ಬಿಲ್ಲೆಗಳು, ಬಿಲ್ಲೆಗಳ ಮೇಲೆ ಮೊಸರಿನ ಕೆನೆಯಂಥ ತೆಳ್ಳನೆಯ ಪದರು. ಆ ಪದರಿನ ತುಂಬ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವ. ಓಣಿಯ ಹೆಂಗಸರು ಅದನ್ನು ಹೆಪ್ಪು ಎಂದರು. ಪಂಪು ನೀರನ್ನು ಮೇಲೆತ್ತಿ ತಾಟುಗಳ ಮೇಲೆ ಚಿಮ್ಮಿಸುತ್ತದೆ, ಜಿಡ್ಡೂ ಗಂಜಿಯೂ ಕೆಳಗಿಳಿಯುತ್ತವೆ, ಹೆಪ್ಪು ಅದನ್ನು ತಿಂದು ನೀರನ್ನು ತಿಳಿ ಮಾಡುತ್ತದೆ. ಅದೇ ನಾಲ್ಕು ಲೀಟರ್ ಆರು ತಿಂಗಳು ಬರುತ್ತದೆ. ಒಂದೇ ಕರಾರು: ಹೆಪ್ಪು ಉಸಿರಾಡುತ್ತಿದ್ದರೆ ಮಾತ್ರ ಪಂಪು ತಿರುಗುತ್ತದೆ. ಸತ್ತ ಹೆಪ್ಪಿನ ನೀರು ಯಾರ ತಾಟಿಗೂ ತಾಗಬಾರದು ಎಂದು ಮಾಡಿದ ಬಂದೋಬಸ್ತು ಅದು.

ಆ ತಿಂಗಳ ಕೊನೆಗೆ ಒಂದು ರವಿವಾರ ಶಿವಲೀಲಾಳನ್ನು ಮಂಡಳಿಯವರು ಧಾರವಾಡದ ನಿಯಂತ್ರಣ ಕೋಣೆಗೆ ಕರೆಸಿದರು. ಗೋಡೆಯ ತುಂಬ ಹುಬ್ಬಳ್ಳಿಯ ನಕಾಶೆ, ಮನೆಗೊಂದು ಚುಕ್ಕೆ. ಕಡಿಮೆ ಕೊಳೆ ಬರುವ ಮನೆಗೆ ಹಸಿರು ಚುಕ್ಕೆ, ಹೆಚ್ಚು ಬರುವ ಮನೆಗೆ ಕೆಂಪು. ಸತ್ತದ್ದಕ್ಕೆ ಬೂದಿ ಬಣ್ಣ. ಪೆಟ್ಟಿಗೆಯ ಹಣೆಯ ಮೇಲೂ ಅದೇ ಹಸಿರು, ಅದೇ ಕೆಂಪು ದೀಪ ಉರಿಯುತ್ತಿತ್ತು. ಗಿರಣಿ ಓಣಿಯ ಜಾಗದಲ್ಲಿ ಮಾತ್ರ ಒಲೆಯ ಬೂದಿ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಹಿರಿಯ ಎಂಜಿನಿಯರ್ ಇಮ್ತಿಯಾಜ್ ನದಾಫ್ ಕೆಟ್ಟ ಮನುಷ್ಯರಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಆಮೇಲೆ ಮೆತ್ತಗೆ ಹೇಳಿದರು. ನಿಮ್ಮ ಓಣಿಯ ಜನ ಪೆಟ್ಟಿಗೆಯನ್ನು ಊರಿಗೇ ಮಾದರಿಯಾಗುವಂತೆ ಬಳಸುತ್ತಾರೆ, ಸಾಯುವ ಹಿಂದಿನ ದಿನದವರೆಗೂ ಎಲ್ಲ ಹಸಿರೇ ಇದ್ದವು, ತಪ್ಪು ಬಳಸುವವರದಲ್ಲ. ಅಂದಮೇಲೆ ರಿಪೇರಿ ಮಾಡುವ ಕೈಯದೇ ಇರಬೇಕು. ಹೊಸ ಹೆಪ್ಪು ಬೆಳೆಸಲು ಪ್ರಯೋಗಶಾಲೆಗೆ ತಿಂಗಳುಗಟ್ಟಲೆ ಬೇಕು. ಬರುವ ರವಿವಾರ ಮಧ್ಯಾಹ್ನ ಒಂದಕ್ಕೆ ಎಣಿಸುತ್ತೇವೆ. ಬೂದಿ ಚುಕ್ಕೆ ಹತ್ತಕ್ಕಿಂತ ಕೆಳಗೆ ಇಳಿಯದಿದ್ದರೆ ಓಣಿಯ ಪೆಟ್ಟಿಗೆಗಳನ್ನೆಲ್ಲ ವಾಪಸು ಒಯ್ಯುತ್ತೇವೆ.

ಒಯ್ದ ಮೇಲೆ ಭಾಂಡೆಯ ಗತಿ ಏನೆಂದು ಅವಳು ಕೇಳಿದಳು. ಅದಕ್ಕೂ ಒಂದು ಯೋಜನೆ ಸಿದ್ಧವಿತ್ತು. ಗಿರಣಿಯ ಹಳೇ ಗೋದಾಮಿನಲ್ಲಿ ಸಾಮೂಹಿಕ ಮುಸುರಿ ಮನೆ. ಮನೆಮನೆಯ ಭಾಂಡೆ ಗಾಡಿಯಲ್ಲಿ ಅಲ್ಲಿಗೆ ಬರುತ್ತದೆ, ಮೂವತ್ತಾರು ಹೆಂಗಸರು ಕೂತು ಬೂದಿ ಹಚ್ಚಿ ಒಣ ತಿಕ್ಕುತ್ತಾರೆ. ಯಾವ ಹೆಂಗಸರು ಎಂಬ ಪಟ್ಟಿಯೂ ತಯಾರಿತ್ತು. ಹಿಂದೆ ಈ ಕೆಲಸ ಮಾಡಿ ರೂಢಿಯಿದ್ದ ಮನೆತನಗಳಿಗೆ ಮೊದಲ ಅವಕಾಶ ಎಂದು ಬರೆದಿದ್ದರು. ಮೂರನೆಯ ಹೆಸರು ಅಂಬಿಗೇರ ಶಿವಲೀಲಾ ಎಂದಿತ್ತು.

ಅವಳು ಚಹಾ ಮುಟ್ಟಲಿಲ್ಲ. ಅವಳ ತಾಯಿ ಫಕ್ಕೀರವ್ವ ಹನ್ನೆರಡರ ವಯಸ್ಸಿನಿಂದ ನಲವತ್ತು ವರ್ಷ ಮಂದಿಯ ಮನೆಯ ಮುಸುರಿ ತಿಕ್ಕಿದವಳು. ಸೋಡಾಪುಡಿ ತಿಂದುಬಿಟ್ಟ ಆ ಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆ ಕೈ ನೋಡುತ್ತ ಬೆಳೆದವಳು ಶಿವಲೀಲಾ. ಪೆಟ್ಟಿಗೆ ಬಂದ ದಿನ ಸ್ಕ್ರೂಡ್ರೈವರ್ ಹಿಡಿದು, ಇನ್ನು ಈ ಓಣಿಯ ಯಾವ ಹೆಣ್ಣೂ ಮತ್ತೊಬ್ಬರ ಮುಸುರಿಗೆ ಕೂರುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ್ದಳು. ಅಂಥವಳನ್ನು ಮೂರನೆಯ ಹೆಸರಾಗಿ ಬರೆದಿದ್ದರು.

"ಸಾಹೇಬರ, ರವಿವಾರ ನಾನ ಬರ್ತೀನಿ," ಎಂದಳು. "ನನ್ನ ಎದುರಿಗೇ ಎಣಸ್ರಿ."

ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟಳು. ಮೊದಲು ಪದ್ಮಾಬಾಯಿ ಕುಲಕರ್ಣಿಯವರ ಮನೆ. ನಿವೃತ್ತ ಶಿಕ್ಷಕಿ, ಶಿಸ್ತೆಂದರೆ ಶಿಸ್ತು. ನಲವತ್ತು ದಿನ ಬಿಡದೆ ಅವರ ಪೆಟ್ಟಿಗೆಯ ಮೇಲೆ ಹಸಿರು ದೀಪವೇ ಇತ್ತು, ಹೋದ ವಾರ ಆರಿಹೋಗಿತ್ತು. ಶಿವಲೀಲಾ ತಳದ ಜರಡಿ ಬಿಚ್ಚಿ ಬೆಳಕಿಗೆ ಹಿಡಿದಳು. ಒಂದು ಕಾಳೂ ಇರಲಿಲ್ಲ. ನೀರು ಚಿಮ್ಮಿಸುವ ರೆಕ್ಕೆಯ ತೂತುಗಳಿಗೆ ಪಿನ್ನು ಹಾಕಿ ನೋಡಿದಳು, ಅವೂ ಸ್ವಚ್ಛ. ಬಾಗಿಲಿನ ರಬ್ಬರಿನ ಸಂದಿಯಲ್ಲಿ ಬೆರಳಾಡಿಸಿದರೆ ಜಿಡ್ಡಿನ ಕಲೆಯೂ ಇಲ್ಲ. ಸುಣ್ಣಗಟ್ಟಿದ್ದರೆ ಕರಗಿಸಲೆಂದು ತಂದ ಲಿಂಬೆಹುಳಿಯ ಪುಡಿ ಚೀಲದಲ್ಲೇ ಉಳಿಯಿತು. ಬಿಲ್ಲೆಗಳ ಮೇಲಿನ ಹೆಪ್ಪು ಮಾತ್ರ ಕಂದಿ, ಒಣಗಿದ ಅಂಟಿನ ಹಾಗೆ ಆಗಿತ್ತು. ಹೀಗೆಯೇ ಎಂಟು ಮನೆ ಮುಗಿಸಿದಳು. ಎಂಟರಲ್ಲೂ ಜರಡಿ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಇಷ್ಟು ದಿನ ಅದನ್ನು ಕಂಡಾಗೆಲ್ಲ ಅವಳೇ ಆ ಹೆಂಗಸರನ್ನು ಹೊಗಳಿ ಬಂದಿದ್ದಳು.

ಒಂಬತ್ತನೆಯ ಬಾಗಿಲು ಲಾರಿ ಓಡಿಸುವ ಹಣಮಂತ ಗಾಣಿಗೇರನದು. ಒಂಟಿ ಮನುಷ್ಯ. ಅವನ ಪೆಟ್ಟಿಗೆಯ ಮೇಲೆ ಮೊದಲ ದಿನದಿಂದಲೂ ಕೆಂಪು ದೀಪ. ಸ್ವಚ್ಛತೆ ಪಾಲಿಸಿ ಎಂದು ಮಂಡಳಿಯಿಂದ ಅವನಿಗೆ ಬಂದ ನೋಟೀಸುಗಳು ಹನ್ನೊಂದು. ಅವುಗಳನ್ನೇ ಮಡಚಿ, ಕುಂಟುವ ಮಂಚದ ಕಾಲಿಗೆ ಇಟ್ಟಿದ್ದ. ಆದರೆ ಪೆಟ್ಟಿಗೆ ಒಂದು ದಿನವೂ ನಿಂತಿರಲಿಲ್ಲ. ಶಿವಲೀಲಾ ಹೋದಾಗಲೂ ಮೂಲೆಯಲ್ಲಿ ಗುಳುಗುಳು ಎನ್ನುತ್ತಿತ್ತು.

ಪೆಟ್ಟಿಗೆಯ ಬಾಗಿಲು ತೆಗೆದರೆ ಕರ್ಮ. ಎಣ್ಣೆಗಾಯಿಯ ಜಿಡ್ಡು, ರೊಟ್ಟಿಯ ಚೂರು, ತಾಟಿನ ಅಂಚಿಗೆ ಶೇಂಗಾ ಚಟ್ನಿ. ಜರಡಿ ಬಿಚ್ಚಿದಳು. ಒಂದು ಮುಷ್ಟಿ ಸಾಸಿವೆ, ಕರಿಬೇವಿನ ನಾರು. ಅದರ ಕೆಳಗೆ ಬಿಲ್ಲೆಗಳ ಮೇಲೆ ಹೆಪ್ಪು ಗಟ್ಟಿ ಮೊಸರಿನಂತೆ ದಪ್ಪವಾಗಿ, ಬೆಳ್ಳಗೆ, ಮಿರಮಿರ ಮಿಂಚುತ್ತ ಕೂತಿತ್ತು. ಇಷ್ಟು ದುಂಡಗಿನ ಹೆಪ್ಪನ್ನು ಅವಳು ಪ್ರಯೋಗಶಾಲೆಯಲ್ಲೂ ಕಂಡಿರಲಿಲ್ಲ.

ಹೇಗೆ ನೋಡಿಕೊಳ್ಳುತ್ತೀಯಪ್ಪಾ ಎಂದು ಕೇಳಿದಳು. ಇವಳೂ ಬೈಯಲಿಕ್ಕೇ ಬಂದಳೆಂದು ಹಣಮಂತ ತಲೆ ಕೆರೆದುಕೊಂಡ.

"ಏನೂ ಮಾಡೂದಿಲ್ರಿ ಅಕ್ಕಾರ. ಉಂಡ ತಾಟ ಹಂಗ ಒಳಗ ತುರುಕತೀನಿ. ತಪ್ಪಾತು, ನಾಳಿಯಿಂದ ತೊಳದ ಇಡ್ತೀನಿ."

ಶಿವಲೀಲಾ ಅವನ ಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. ತೊಳೆದು ಇಡುವುದು! ತಾನೂ ಸೇರಿ ಓಣಿಯಲ್ಲಿ ತೊಳೆಯದೆ ಇಡುವವರು ಯಾರಿದ್ದಾರೆ? ಎಂಜಲು ತಾಟನ್ನು ಹಾಗೇ ಒಳಗಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಒಂದು ತಂಬಿಗೆ ನೀರಲ್ಲಿ ಬಳಿದು, ಮುಸುರಿಯನ್ನೆಲ್ಲ ಬಚ್ಚಲಿಗೆ ಚೆಲ್ಲಿ, ಆಮೇಲೆಯೇ ಪೆಟ್ಟಿಗೆಯ ಬಾಗಿಲು ತೆಗೆಯುವುದು. ಮೇಲೆ ಮಂಡಳಿಯವರು ಹಸಿರು ದೀಪದ ಆಸೆ ಬೇರೆ ಹಚ್ಚಿದ್ದರು. ಯಾರ ಮನೆಯದು ಹೆಚ್ಚು ದಿನ ಹಸಿರು ಎಂದು ಓಣಿಯ ಹೆಂಗಸರಲ್ಲಿ ಎರಡು ತಿಂಗಳಿಂದ ಪೈಪೋಟಿಯೇ ಬಿದ್ದಿತ್ತು. ತಾಟು ಹೊಳೆದಷ್ಟೂ ಹೆಪ್ಪಿನ ಹೊಟ್ಟೆ ಖಾಲಿ. ಅರವತ್ತೊಂದು ಪೆಟ್ಟಿಗೆಗಳು ರೋಗ ಬಂದು ಬಿದ್ದಿರಲಿಲ್ಲ, ಉಪವಾಸ ಬಿದ್ದಿದ್ದವು.

ಸಿಟ್ಟು, ನಗು, ನಾಚಿಕೆ ಮೂರೂ ಒಟ್ಟಿಗೆ ಬಂದವು. ಎದ್ದು ಸೀದಾ ಓಣಿಗಿಳಿದಳು. ಇನ್ನು ಮೇಲೆ ಉಂಡ ತಾಟು ತೊಳೆಯಬೇಡಿರೆಂದು ಮನೆಮನೆಗೆ ಹೇಳುತ್ತ ಹೋದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆ ನಾರುತ್ತದೆ ಎಂದರು ಕೆಲವರು. ಕೆಂಪು ದೀಪ ಹತ್ತಿದರೆ ಬೀಗರು ನೋಡಿ ಏನೆಂದಾರು ಎಂದರು ಕೆಲವರು. ಪದ್ಮಾಬಾಯಿಯವರಂತೂ ಕನ್ನಡಕ ತೆಗೆದು, "ಎಂಜಲಾ ಹಂಗ ಇಟ್ಟು ನಮಗ ರೂಢಿ ಇಲ್ಲವ್ವಾ," ಎಂದು ಬಾಗಿಲು ಮುಂದೆ ಮಾಡಿಕೊಂಡರು. ಹಣಮಂತನ ಹೆಸರು ಹೇಳಿದ್ದೇ ದೊಡ್ಡ ತಪ್ಪಾಯಿತು; ಅವನ ಮನೆಯ ಹಾಗೆ ತಮ್ಮ ಮನೆ ಆಗುವುದು ಯಾರಿಗೆ ಬೇಕು?

ಸಂಜೆ ಮನೆಗೆ ಬಂದಾಗ ಫಕ್ಕೀರವ್ವ ಬಚ್ಚಲ ಕಟ್ಟೆಯ ಮೇಲೆ ಕೂತು, ಮಧ್ಯಾಹ್ನ ಉಂಡ ತಾಟಿಗೆ ತಂಬಿಗೆಯಿಂದ ಎಳೆಎಳೆಯಾಗಿ ನೀರು ಬಿಡುತ್ತಿದ್ದಳು. ಅವರ ಸ್ವಂತ ಪೆಟ್ಟಿಗೆಯೂ ಸತ್ತು ಹದಿನೈದು ದಿನವಾಗಿತ್ತು. ಅದು ನಡೆಯುತ್ತಿದ್ದಾಗಲೂ ಅವ್ವನ ರೂಢಿ ಇದೇ. ಆ ನೀರು ಅವ್ವನ ಪಾಲಿನ ಕುಡಿಯುವ ನೀರು ಎಂಬುದು ಶಿವಲೀಲಾಳಿಗೆ ಆಗ ತಟ್ಟನೆ ತಿಳಿಯಿತು. ಅವ್ವನ ತುಟಿ ಒಡೆದಿರುವುದಕ್ಕೆ ಬಿಸಿಲು ಕಾರಣ ಎಂದುಕೊಂಡಿದ್ದಳು.

"ಯಾಕವ್ವಾ? ಕುಡಿಯೂ ನೀರ ಇದಕ್ಯಾಕ ಸುರವತಿ?"

ಫಕ್ಕೀರವ್ವ ತಲೆ ಎತ್ತಲಿಲ್ಲ. "ನಲವತ್ತ ವರ್ಷ ಮಂದಿ ಎಂಜಲದಾಗ ಕೈ ಇಟ್ಟೀನಿ. ನನ್ನ ಎಂಜಲದಾಗ ಯಾರೂ ಕೈ ಇಡಬಾರದು. ಮಿಷನ್ ಇದ್ದರೂ ಅಷ್ಟ."

ಶಿವಲೀಲಾ ಅವ್ವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇಡೀ ದಿನದ ಕತೆ ಹೇಳಿದಳು. ಅದು ಬರೀ ಮಿಷನ್ ಅಲ್ಲ, ಒಳಗೆ ಜೀವ ಇದೆ, ಆ ಜೀವಕ್ಕೆ ನಮ್ಮ ತಾಟಿನ ಮುಸುರಿಯೇ ಊಟ, ನಾವು ತೊಳೆದು ತೊಳೆದು ಅದರ ಬಾಯಿಗೆ ಏನೂ ಸಿಗದ ಹಾಗೆ ಮಾಡಿದೆವು ಎಂದಳು. ಮುದುಕಿಯ ಕೈ ತಂಬಿಗೆಯ ಮೇಲೆ ನಿಂತಿತು. ಎದ್ದು ಹೋಗಿ ಪೆಟ್ಟಿಗೆಯ ಬಾಗಿಲು ತೆಗೆಸಿ ಬಗ್ಗಿ ನೋಡಿದಳು, ಕಂದಿದ ಬಿಲ್ಲೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮಗಳ ಮೇಲೆ ಹರಿಹಾಯ್ದಳು.

"ಜೀವ ಐತಿ ಅಂತ ಮೊದಲ ಯಾಕ ಹೇಳಲಿಲ್ಲ? ಮನ್ಯಾಗಿನ ಜೀವ ಉಪವಾಸ ಕೆಡವಿ ನಾವ್ ಉಣ್ಣಾಕತ್ತೇವಲ್ಲ, ನಾಚಿಕಿ ಬರೂದಿಲ್ಲ ನಿನಗ?"

ಹಾಗಾದರೆ ನಾಳೆಯಿಂದ ಎಂಜಲು ತಾಟು ಹಾಗೇ ಇಡುತ್ತೀಯಾ ಎಂದು ಶಿವಲೀಲಾ ಆಸೆಯಿಂದ ಕೇಳಿದಳು.

"ಎಂಜಲಾ ಯಾಕ ಹಾಕ್ಲಿ? ಎಡಿ ಹಾಕ್ತೀನಿ."

ಹೇಳಿದ್ದಷ್ಟೇ ಅಲ್ಲ, ಆ ರಾತ್ರಿಯ ಊಟಕ್ಕೆ ಕೂರುವ ಮೊದಲೇ ಮಾಡಿದಳು. ಯಾರೂ ಮುಟ್ಟದ ಅನ್ನ ಒಂದು ಚಮಚ, ಅದರ ಮೇಲೆ ನಾಲ್ಕು ಹನಿ ಸಾರು. ಕಾಗೆಗೆ ತುತ್ತು ಇಡುವಷ್ಟೇ ಶ್ರದ್ಧೆಯಿಂದ ನುಣ್ಣಗೆ ಕಿವುಚಿ ಪೆಟ್ಟಿಗೆಯ ತಳಕ್ಕೆ ಬಿಟ್ಟಳು. ಸತ್ತದ್ದು ಎಡೆ ಉಂಡೀತೇ ಎಂದು ಶಿವಲೀಲಾಳಿಗೆ ಅನುಮಾನವಿತ್ತು. ಮಂಗಳವಾರ ಎರಡು ಹೊತ್ತೂ ಎಡೆ ಬಿತ್ತು. ನೀರು ಕದಡಿ ಹುಳಿ ವಾಸನೆ ಬಂತು, ಅಷ್ಟೇ. ಬುಧವಾರ ಮಧ್ಯಾಹ್ನ ಅವಳು ಬಿಲ್ಲೆಯೊಂದನ್ನು ಎತ್ತಿ ನೋಡಿದಳು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನ ಚುಕ್ಕೆ. ಹೆಪ್ಪು ಸತ್ತಿರಲಿಲ್ಲ, ಹೊಟ್ಟೆಗಿಲ್ಲದೆ ಮುದುಡಿ ಮಲಗಿತ್ತು. ರಾತ್ರಿ ಊಟದ ಹೊತ್ತಿಗೆ ಚುಕ್ಕೆ ಹಬ್ಬಿ ಪದರಾಯಿತು, ಪಂಪು ಎರಡು ಸಲ ಕೆಮ್ಮಿ ತಿರುಗಿತು. ಹಣೆಯ ಮೇಲೆ ದೀಪ ಹತ್ತಿತು, ಕೆಂಪು.

ಶಿವಲೀಲಾ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಗೆ ಓಡಿದಳು. ಈ ಸಲ ತಾಟು ತೊಳೆಯಬೇಡಿರೆಂದು ಯಾರಿಗೂ ಹೇಳಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಜೀವ ಇದೆ, ಹಸಿದಿದೆ, ನೀವು ಉಣ್ಣುವ ಮೊದಲು ಅದಕ್ಕೊಂದು ಚಮಚ ಎಡೆ ಇಡಿ ಎಂದಳು. ಅಷ್ಟೇ. ಮೊನ್ನೆ ಬಾಗಿಲು ಮುಚ್ಚಿದವರೇ ಈಗ ಅಯ್ಯೋ ಪಾಪ ಎಂದು ಒಳಗೆ ಓಡಿದರು. ಒಬ್ಬಾಕೆ ಹಾಲು ಹಾಕಲೇ ಎಂದಳು. ಇನ್ನೊಬ್ಬಾಕೆ ಶನಿವಾರದ ಒಪ್ಪತ್ತನ್ನು ಪೆಟ್ಟಿಗೆಯೂ ಮಾಡಬೇಕೇ ಎಂದು ಕೇಳಿದಳು, ಅದಕ್ಕೆ ಶಿವಲೀಲಾ ಕೈ ಮುಗಿದು ಬೇಡವೇ ಬೇಡ ಎಂದಳು. ತಮ್ಮ ಮನೆಯಲ್ಲಿ ಒಂದು ಜೀವ ಉಪವಾಸ ಬಿದ್ದಿತಲ್ಲ ಎಂದು ಪದ್ಮಾಬಾಯಿಯವರಿಗೆ ನಿಜವಾಗಿಯೂ ನೋವಾಗಿತ್ತು. ಸಣ್ಣ ಬೆಳ್ಳಿ ಚಮಚವೊಂದನ್ನು ಅದಕ್ಕೆಂದೇ ತೆಗೆದಿಟ್ಟರು. ಕೆಂಪು ದೀಪದ ಮಾತು ಬಂದಾಗ ಮಾತ್ರ ಮುಖ ಸಣ್ಣದಾಯಿತು. ಜೊತೆಗೆ ಬಂದಿದ್ದ ಫಕ್ಕೀರವ್ವ ಹೊಸ್ತಿಲಲ್ಲಿ ನಿಂತೇ, "ಕುಂಕುಮದ ಬಣ್ಣ ಐತಿ ಬಿಡ್ರಿ ಬಾಯಾರ," ಎಂದಳು.

ಮೂರು ದಿನ ಶಿವಲೀಲಾ ಅರವತ್ತು ಮನೆ ಸುತ್ತಿದಳು, ದಿನಕ್ಕೆರಡು ಸಲ. ಎಡೆ ಹೆಚ್ಚಾಗಿ ನೀರು ಕೊಳೆತ ಕಡೆ ನೀರು ಸೋಸಿದಳು. ರೊಟ್ಟಿಯನ್ನು ಇಡಿಯಾಗಿ ಹಾಕಿದ ಕಡೆ ಜರಡಿ ಬಿಚ್ಚಿ ಬಳಿದಳು, ಕಿವುಚಿ ಹಾಕಬೇಕೆಂದು ಮತ್ತೆ ತೋರಿಸಿಕೊಟ್ಟಳು. ಪೂರ್ತಿ ಕಪ್ಪಾದ ಬಿಲ್ಲೆಗಳಿಗೆ ಹಣಮಂತನ ಪೆಟ್ಟಿಗೆಯಿಂದ ಒಂದೊಂದು ಚಿಟಿಕೆ ಹೆಪ್ಪು ತಂದು ಹಚ್ಚಿದಳು, ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದ ಹಾಗೆ. ಹಣಮಂತ ಲಾರಿಗೆ ರಜೆ ಹಾಕಿ, ಬಟ್ಟಲು ಹಿಡಿದು ಅವಳ ಹಿಂದೆ ತಿರುಗಿದ. ಓಣಿಯಲ್ಲಿ ಅವನಿಗೆ ಅಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.

ರವಿವಾರ ಒಂದು ಗಂಟೆಗೆ ಅವಳು ನಿಯಂತ್ರಣ ಕೋಣೆಯಲ್ಲಿದ್ದಳು. ನಕಾಶೆಯಲ್ಲಿ ಗಿರಣಿ ಓಣಿ ಕೆಂಪು ಕೆಂಪಾಗಿತ್ತು. ಇದೇನು, ಇಡೀ ಓಣಿಯೇ ಹೊಲಸಾಯಿತೇ ಎಂದು ಕೋಣೆಯಲ್ಲಿದ್ದವರು ಗಾಬರಿಬಿದ್ದರು.

"ಹೊಲಸಲ್ರಿ," ಎಂದಳು ಶಿವಲೀಲಾ. "ಕೆಂಪ ಅಂದ್ರ ಉಂಡೈತಿ ಅಂತ. ನೀವು ಹಸರು ಅಂತ ಮೆಚಗೊಂಡದ್ದು ಹಸದ ಹೊಟ್ಟಿ."

ನದಾಫ್ ಸಾಹೇಬರು ಕುರ್ಚಿಯಿಂದ ಎದ್ದರು. ಸತ್ತ ಪೆಟ್ಟಿಗೆಗಳ ಹಳೆಯ ಲೆಕ್ಕ ತೆಗೆಸಿದರು. ಒಂದೊಂದರ ಹಿಂದೆಯೂ ಮೂವತ್ತು ದಿನ, ನಲವತ್ತು ದಿನ ಬಿಡದೆ ಹಸಿರು. ಈ ಅಂಕಿಯನ್ನು ಅವರು ನೂರು ಸಲ ನೋಡಿದ್ದರು, ನೋಡಿ ಸಂತೋಷಪಟ್ಟಿದ್ದರು. ಈಗ ಅವರ ಮುಖ ಕೆಂಪಾಯಿತು. ಆದರೂ ಎಣಿಕೆ ಎಣಿಕೆಯೇ. ಬೂದಿ ಚುಕ್ಕೆ ಹದಿನಾಲ್ಕು ಉಳಿದಿದ್ದವು, ಹತ್ತಕ್ಕಿಂತ ಕೆಳಗೆ ಇಳಿಯಬೇಕಿತ್ತು. ರವಿವಾರ ಓಣಿಯಲ್ಲಿ ಯಾರ ಮನೆಯಲ್ಲೂ ಎರಡಕ್ಕೆ ಮೊದಲು ಊಟವಾಗುವುದಿಲ್ಲ, ಮಧ್ಯಾಹ್ನದ ಎಡೆ ಇನ್ನೂ ಬಿದ್ದಿಲ್ಲ ಎಂದಳು ಶಿವಲೀಲಾ. ಕೇಳಿಕೊಳ್ಳುವ ದನಿ ಬರದ ಹಾಗೆ ಹಲ್ಲು ಕಚ್ಚಿ ಹೇಳಿದಳು. ಎಣಿಸುವುದಕ್ಕೆ ಪೆನ್ನು ತೆಗೆದಿದ್ದ ಸಾಹೇಬರು ಗಡಿಯಾರ ನೋಡಿದರು, ಅವಳನ್ನು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು.

"ನಂದೂ ಊಟ ಆಗಿಲ್ಲ," ಎಂದರು. "ಉಂಡ ಎಣಸೂಣು."

ತಮ್ಮ ಡಬ್ಬಿಯಿಂದ ಅವಳಿಗೂ ಎರಡು ರೊಟ್ಟಿ ಕೊಟ್ಟರು. ಇಬ್ಬರೂ ನಕಾಶೆಯನ್ನೇ ನೋಡುತ್ತ ಉಂಡರು. ಎರಡು ಗಂಟೆ ಹತ್ತು ನಿಮಿಷಕ್ಕೆ ಮೂಲೆಯ ಒಂದು ಚುಕ್ಕೆ ಕೆಂಪಾಯಿತು. ಎರಡೂಕಾಲಿಗೆ ಮತ್ತೆರಡು. ಪದ್ಮಾಬಾಯಿಯವರದು ಎರಡೂವರೆಗೆ ಹತ್ತಿತು. ದೇವರ ನೈವೇದ್ಯ ಮುಗಿಯದೆ ಅವರ ಮನೆಯಲ್ಲಿ ಯಾರಿಗೂ ಊಟವಿಲ್ಲ. ಮೂರು ಗಂಟೆಗೆ ಸಾಹೇಬರು ಎದ್ದು, ಬೆರಳಿಟ್ಟು ಎಣಿಸಿದರು. ಏಳು. ಇನ್ನೊಮ್ಮೆ ಎಣಿಸಿದರು, ಮತ್ತೆ ಏಳೇ. ಮುಸುರಿ ಮನೆಯ ಪಟ್ಟಿಯನ್ನು ಮೇಜಿನಿಂದ ತೆಗೆದು ಅವಳ ಕೈಗೆ ಕೊಟ್ಟರು. ದೀಪದ ಬಣ್ಣ ಬದಲಿಸಲು ಇನ್ನು ಎಷ್ಟು ಸಭೆ ನಡೆಯಬೇಕೋ ಎಂದು ಗೊಣಗಿದರು. ಅವಳು ಪಟ್ಟಿಯನ್ನು ನಾಲ್ಕಾಗಿ ಹರಿದು ಚೀಲಕ್ಕೆ ಹಾಕಿಕೊಂಡಳು.

ಬಸ್ಸಿಳಿದು ಮನೆಗೆ ಬಂದಾಗ ಫಕ್ಕೀರವ್ವ ಇನ್ನೂ ಉಂಡಿರಲಿಲ್ಲ, ಮಗಳಿಗಾಗಿ ಕಾಯುತ್ತ ಕೂತಿದ್ದಳು. ಏಳು ಎಂದು ಶಿವಲೀಲಾ ಬಾಗಿಲಲ್ಲೇ ಹೇಳಿದಳು. ಅವ್ವ ತನ್ನ ಸೊಟ್ಟ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ಪೆಟ್ಟಿಗೆಗೆ ಎಡೆ ಇಟ್ಟಳು, ಆಮೇಲೆ ತಾನು ಉಂಡಳು. ಉಂಡು ತಾಟು ಎತ್ತಿಕೊಂಡು ರೂಢಿಯಂತೆ ಬಚ್ಚಲ ಕಡೆ ನಾಲ್ಕು ಹೆಜ್ಜೆ ಹೋದವಳು ನಡುವೆಯೇ ನಿಂತಳು.

"ನೀ ಸಣ್ಣಾಕಿ ಇದ್ದಾಗ," ಎಂದಳು ಫಕ್ಕೀರವ್ವ ಪೆಟ್ಟಿಗೆಯನ್ನು ನೋಡುತ್ತ, "ನಾವಿಬ್ರೂ ಒಂದ ತಾಟಿನಾಗ ಉಣ್ತಿದ್ವಿ. ಕೂಡಿ ಉಂಡವ್ರಾಗ ಎಂಜಲ ಎಲ್ಲಿದು?"

ತಿರುಗಿ ಬಂದು, ಅನ್ನದ ಅಗುಳು, ಸಾರಿನ ಜಿಡ್ಡು ಅಂಟಿದ್ದ ತಾಟನ್ನು ಹಾಗೇ ಪೆಟ್ಟಿಗೆಯೊಳಗೆ ನಿಲ್ಲಿಸಿ ಬಾಗಿಲು ಹಾಕಿದಳು. ಒಳಗೆ ನೀರು ಗುಳುಗುಳು ಎನ್ನತೊಡಗಿತು. ತಾಟಿಗೆಂದು ಉಳಿಸಿದ್ದ ತಂಬಿಗೆ ನೀರು ಕಟ್ಟೆಯ ಮೇಲೆ ತುಂಬಿದಂತೆಯೇ ಇತ್ತು. ಫಕ್ಕೀರವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿ, ಮಧ್ಯೆ ಎಲ್ಲೂ ಇಳಿಸದೆ ಪೂರ್ತಿ ಕುಡಿದಳು.